ಅರಮನೆಯಲ್ಲಿ ಹೊಸ್ತಿಲು ಬರೆದದ್ದು

ಸೋಣ ತಿಂಗಳಲ್ಲಿ ಮನೆಯ ಹೆಂಗಸು ಬೇರೆ ಕಡೆ ಮಲಗಬಾರದು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಅದು ನಾನೇ ಹಾಕಿಕೊಂಡ ಕಟ್ಟು. ನಮ್ಮ ಉಡುಪಿ ಕಡೆ ಸಿಂಹ ಸಂಕ್ರಮಣದಿಂದ ಕನ್ಯಾ ಸಂಕ್ರಮಣದವರೆಗೆ, ಮಳೆ ಸ್ವಲ್ಪ ಹಗುರಾಗುವ ಆ ಒಂದು ತಿಂಗಳು, ಮುತ್ತೈದೆಯರು ದಿನಾ ಬೆಳಿಗ್ಗೆ ಹೊಸ್ತಿಲು ಬರೆಯುತ್ತೇವೆ. ಮಿಂದು, ಹೊಸ್ತಿಲು ತೊಳೆದು, ಶೇಡಿ ಎಂಬ ಬಿಳಿ ಮಣ್ಣನ್ನು ನೀರಿನಲ್ಲಿ ಕಲಸಿ ಬೆರಳಿನಿಂದ ಗೆರೆ ಎಳೆದು, ಕುಂಕುಮದ ಬೊಟ್ಟಿಟ್ಟು, ಹೂ, ಅಕ್ಷತೆ ಹಾಕಿ ನಮಸ್ಕಾರ ಮಾಡುವುದು. ಹೊಸ್ತಿಲಲ್ಲಿ ಲಕ್ಷ್ಮಿ ಇರುತ್ತಾಳೆ ಎಂಬ ನಂಬಿಕೆ. ಮದುವೆಯಾಗಿ ಡೊಂಬಿವಲಿಗೆ ಬಂದವಳು ರೇಷನ್ ಕಾರ್ಡಿನಲ್ಲಿ ಹೆಸರು ಬರುವ ಮೊದಲೇ ಈ ಮನೆಯ ಹೊಸ್ತಿಲು ಬರೆದಿದ್ದೆ. ಹೊರಗಿನ ದಿನ, ಸೂತಕದ ದಿನ ಬಿಟ್ಟರೆ ತಪ್ಪಿಸಿದ್ದಿಲ್ಲ. ಶೇಡಿ ಈಗಲೂ ಊರಿನಿಂದ ಬರುವವರ ಕೈಯಲ್ಲೇ ಬರಬೇಕು.

ಕೆಲವು ವರ್ಷಗಳ ಹಿಂದೆ ಆ ಹೊಸ್ತಿಲಿಗೇ ಸಂಚಕಾರ ಬಂದಿತ್ತು. ನಮ್ಮದು ನಾಲ್ಕು ಮಾಳಿಗೆಯ, ಲಿಫ್ಟಿಲ್ಲದ, ಹದಿನಾರು ಮನೆಗಳ ಕಟ್ಟಡ. ವಯಸ್ಸು ಮೂವತ್ತೂ ಆಗಿರಲಿಲ್ಲ. ಮಳೆಗಾಲ ಶುರುವಾಗುವ ಮೊದಲು ಮಹಾನಗರಪಾಲಿಕೆಯವರು ಬಂದು ಮೆಟ್ಟಿಲ ಹತ್ತಿರ ಒಂದು ಕಾಗದ ಅಂಟಿಸಿ ಹೋದರು: ಈ ಇಮಾರತು ಅಪಾಯಕಾರಿ. ಅಂಟಿಸಿ ಎಂಟು ದಿನವಾಗಿತ್ತೋ ಇಲ್ಲವೋ, ನಮ್ಮ ಅಡುಗೆಮನೆಯ ಚಾವಣಿಯ ಗಾರೆ ತಟ್ಟೆಯಷ್ಟಗಲ ಕಳಚಿ ದೋಸೆ ಹಿಟ್ಟಿನ ಪಾತ್ರೆಯ ಮೇಲೆ ಬಿತ್ತು. ನಾನು ಆಗ ದೇವರ ಮುಂದೆ ಕುಳಿತಿದ್ದೆ. ಹಿಟ್ಟು ಹೋಯಿತು, ತಲೆ ಉಳಿಯಿತು. ಕೃಷ್ಣಾ, ಅಷ್ಟು ಸಾಕು ಎಂದೆ.

ಆಗ ಬಂದವನು ಬಿಲ್ಡರ್. ನಲವತ್ತು ದಾಟದ, ಮೆತ್ತಗೆ ಮಾತಾಡುವ ಮನುಷ್ಯ. ಹಳೆಯದನ್ನು ಕೆಡವಿ ಹನ್ನೆರಡು ಮಾಳಿಗೆ ಕಟ್ಟುತ್ತೇನೆ, ಮೂರು ವರ್ಷ ನೀವು ಬಾಡಿಗೆ ಮನೆಯಲ್ಲಿರಿ, ಬಾಡಿಗೆ ನನ್ನದು, ಆಮೇಲೆ ಪ್ರತಿಯೊಬ್ಬರಿಗೂ ದೊಡ್ಡ ಮನೆ, ಎರಡು ಲಿಫ್ಟು ಎಂದ. ಹದಿನಾಲ್ಕು ಮನೆಯವರು ಸಹಿ ಹಾಕಿದರು. ಹಾಕದವರು ಇಬ್ಬರು: ನಾನು ಮತ್ತು ನಮ್ಮ ಮೇಲಿನ ಮನೆಯ ವಿಜಾಪುರದ ಬಾಯಿ. ಅವರ ಯಜಮಾನರಿಗೆ ಕಲ್ಯಾಣದಲ್ಲಿ ಬಟ್ಟೆ ಅಂಗಡಿ, ಆದರೆ ಮನೆಯ ತೀರ್ಮಾನವೆಲ್ಲ ಬಾಯಿಯದೇ. ನಮ್ಮದರಲ್ಲಿ ಸಹಿ ನನ್ನದೇ ಬೇಕಿತ್ತು, ಯಾಕೆಂದರೆ ಮನೆ ನನ್ನ ಹೆಸರಿನಲ್ಲಿದೆ. ಅದೇನು ದೊಡ್ಡ ಆಲೋಚನೆ ಮಾಡಿ ಮಾಡಿದ್ದಲ್ಲ. ಮನೆ ಕೊಂಡಾಗ ನಮ್ಮ ಯಜಮಾನರಿಗೆ ಹೋಟೆಲಿನಿಂದ ಅರ್ಧ ದಿನದ ರಜೆ ಸಿಗದೆ, ರಿಜಿಸ್ಟರ್ ಕಚೇರಿಗೆ ನಾನೊಬ್ಬಳೇ ಹೋಗಬೇಕಾಯಿತು.

ಸಹಿ ಹಾಕಿದರೆ ಸೂರು ಬಿಟ್ಟು ಹೊರಡಬೇಕು. ಬಿಲ್ಡರ್ ಮಾತು ತಪ್ಪಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಹಾಕದಿದ್ದರೆ ಯಾವ ಮಳೆಗೆ ಯಾರ ತಲೆಯ ಮೇಲೆ ಬೀಳುತ್ತದೋ ಗೊತ್ತಿಲ್ಲ, ಬಿದ್ದರೆ ಆ ಪಾಪ ನನ್ನದು. ಬೆಳಿಗ್ಗೆ ಒಂದು ತೀರ್ಮಾನ, ಸಂಜೆ ಒಂದು ತೀರ್ಮಾನ. ದೇವರ ಪಟದ ಮೇಲೆ, ಹಾಕು ಎಂದು ಒಂದು, ಬೇಡ ಎಂದು ಒಂದು, ಎರಡು ಹೂ ಇಟ್ಟು ಯಾವುದು ಬೀಳುತ್ತದೆ ಎಂದು ಕಾದೆ. ಎರಡೂ ಬಿದ್ದವು.

ಹೀಗಿರುವಾಗಲೇ ಬಿಲ್ಡರ್ ಎಲ್ಲ ಮನೆಯವರನ್ನೂ ಬಸ್ಸು ಮಾಡಿ, ಘಟ್ಟದ ಮೇಲಿನ ಒಂದು ಹಳೆಯ ಸಂಸ್ಥಾನದ ಅರಮನೆಗೆ ಕರೆದೊಯ್ಯುತ್ತೇನೆ ಎಂದ. ಅರಮನೆ ಈಗ ಹೋಟೆಲಾಗಿದೆಯಂತೆ, ದೊಡ್ಡ ದೊಡ್ಡವರು ಉಳಿಯುವ ಜಾಗವಂತೆ. ಎರಡು ರಾತ್ರಿ. ಖರ್ಚೆಲ್ಲ ಅವನದೇ. ಹೋಗುವುದು ಸೋಣ ತಿಂಗಳ ನಡುವಿನಲ್ಲಿ.

“ನಾನು ಬರುವುದಿಲ್ಲ. ಅವನ ಅನ್ನ ತಿಂದ ಮೇಲೆ ಬೇಡ ಅನ್ನಲಿಕ್ಕೆ ನಾಲಿಗೆ ಬರ್ತದಾ?” ಎಂದೆ.

ನಮ್ಮ ಯಜಮಾನರು ಚಪ್ಪಲಿ ಬಿಚ್ಚುತ್ತಿದ್ದವರು ಹಾಗೆಯೇ ಕುಳಿತರು. ಹದಿಮೂರನೆಯ ವಯಸ್ಸಿನಿಂದ ಅವರು ಹೋಟೆಲ್ ಲೈನಿನಲ್ಲಿ. ಮೊದಲು ಠಾಣೆಯಲ್ಲಿ ತಟ್ಟೆ ತೊಳೆದು, ಆಮೇಲೆ ಬಡಿಸಿ, ಕೊನೆಗೆ ರಬಾಳೆಯ ಒಂದು ಕಂಪೆನಿ ಕ್ಯಾಂಟೀನಿನಲ್ಲಿ ಮೇಲ್ವಿಚಾರಕರಾಗಿದ್ದರು.

“ಒಂದು ಸಲ ಹೋಗುವ ಮಾರಾಯ್ತಿ,” ಎಂದರು. “ಇಷ್ಟು ವರ್ಷ ನಾನೇ ಬಡಿಸಿದ್ದು. ಒಂದು ಸಲ ನಾನು ಕೂತಿರ್ತೇನೆ, ಯಾರಾದ್ರೂ ಬಂದು ‘ಎಂತ ಬೇಕು ಸಾರ್’ ಅಂತ ಕೇಳ್ಲಿ. ಸಹಿ ಹಾಕುದು ಬಿಡುದು ನಿನ್ನ ಇಷ್ಟ, ನಾನು ಆ ವಿಷಯದಲ್ಲಿ ಬಾಯಿ ಹಾಕುದಿಲ್ಲ.”

ಉಡುಪಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಹೊಸ್ತಿಲಿನ ವಿಷಯ ಕೇಳಿದೆ. “ನೀನು ಯಾವ ಕೋಣೆಯಲ್ಲಿ ಮಲಗಿ ಏಳ್ತೀಯೋ, ಆ ದಿನಕ್ಕೆ ಅದರ ಹೊಸ್ತಿಲೇ ನಿಂದು. ಬರೆದು ಕೈಮುಗಿ, ಆಯ್ತಲ್ಲ,” ಎಂದಳು ಅಕ್ಕ. ಶೇಡಿಯನ್ನು ಒಂದು ಡಬ್ಬಿಯಲ್ಲಿ, ಅವಲಕ್ಕಿಯನ್ನು ಒಂದು ಡಬ್ಬಿಯಲ್ಲಿ ತುಂಬಿಸಿಕೊಂಡು ಹೊರಟೆ.

ಅರಮನೆ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಬಾಗಿಲಲ್ಲಿ ಪೇಟ ಕಟ್ಟಿದ ಇಬ್ಬರು ನಮಗೆ ಆರತಿ ಎತ್ತಿದರು. ಗಂಡಸರು ಆರತಿ ಎತ್ತುವುದನ್ನು ನಾನು ದೇವಸ್ಥಾನದಲ್ಲಿ ಮಾತ್ರ ನೋಡಿದವಳು. ಕೈಮುಗಿಯಬೇಕೋ, ತಟ್ಟೆಗೆ ಏನಾದರೂ ಹಾಕಬೇಕೋ ತಿಳಿಯದೆ ಎರಡೂ ಮಾಡಿದೆ. ಹಾಕಿದ್ದನ್ನು ಅವರು ನಯವಾಗಿ ಹಿಂದೆ ಕೊಟ್ಟರು. ನಾಚಿಕೆಯಾಯಿತು.

ಒಳಗೆ ಚೌಕದ ಅಂಗಳ, ಅದರ ಸುತ್ತ ಎರಡು ಮಾಳಿಗೆ, ನಾಲ್ಕು ಮೂಲೆಗೂ ಒಂದೇ ತರದ ಮೆಟ್ಟಿಲು, ಒಂದೇ ತರದ ಕಂಬ, ಒಂದೇ ತರದ ಬಾಗಿಲು. ಕೋಣೆಗಳಿಗೆ ನಂಬರಿಲ್ಲ. ಒಂದೊಂದು ಬಾಗಿಲಿಗೆ ಒಂದೊಂದು ಹಕ್ಕಿಯ ಹಿತ್ತಾಳೆಯ ಚಿತ್ರ. ನಮ್ಮದು ನವಿಲು. ಬಾಗಿಲಿಗೆ ಗೇಣೆತ್ತರದ ಕಲ್ಲಿನ ಹೊಸ್ತಿಲು, ಎಷ್ಟು ಕಾಲ ಎಷ್ಟು ಕಾಲುಗಳು ತಾಗಿದ್ದವೋ, ನಡುವೆ ಸವೆದು ತಗ್ಗಾಗಿತ್ತು. ಅದರ ಪಕ್ಕದಲ್ಲಿ ಇಂಗ್ಲಿಷಿನ ಒಂದು ಬೋರ್ಡು. ಎಡವಬೇಡಿ ಎಂದು ಬರೆದಿದೆ ಎಂದು ಯಜಮಾನರು ಓದಿ ಹೇಳಿದರು. ಹೊಸ್ತಿಲು ಇದೆಯಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ. ಡೊಂಬಿವಲಿಯ ಹೊಸ ಕಟ್ಟಡಗಳಲ್ಲಿ ಲಿಫ್ಟಿನಿಂದ ಅಡುಗೆಮನೆಯ ತನಕ ಒಂದೇ ಸಪಾಟು ಟೈಲ್ಸು.

ಕೋಣೆಯ ಬಗ್ಗೆ ಏನು ಬರೆಯಲಿ? ಮಂಚ ಎಷ್ಟು ಎತ್ತರವೆಂದರೆ ಹತ್ತಲು ಪಕ್ಕದಲ್ಲಿ ಎರಡು ಮೆಟ್ಟಿಲಿನ ಮಣೆ ಇಟ್ಟಿದ್ದರು. ಅದರ ಮೇಲೆ ಟವಲನ್ನು ಮಡಚಿ ಹಂಸ ಮಾಡಿದ್ದರು. ನಾನು ಬಿಚ್ಚಲು ಹೋದರೆ ಯಜಮಾನರು, “ಮುಟ್ಬೇಡ, ಪಾಪ, ಯಾರೋ ಕಷ್ಟಪಟ್ಟು ಮಾಡಿದ್ದಾರೆ,” ಎಂದು ಅದನ್ನೆತ್ತಿ ಮೇಜಿನ ಮೇಲಿಟ್ಟರು. ಮೈಯನ್ನು ತಮ್ಮ ಹಳೆಯ ಪಂಚೆಯಲ್ಲೇ ಒರೆಸಿಕೊಂಡರು. ಬಚ್ಚಲಿನಲ್ಲಿ ಕಾಲಿರುವ ಉದ್ದದ ತೊಟ್ಟಿ ಇತ್ತು, ಬಕೆಟ್ ಇರಲಿಲ್ಲ, ಚೊಂಬೂ ಇರಲಿಲ್ಲ. ಅವಲಕ್ಕಿಯನ್ನು ಕಾಗದದಲ್ಲಿ ಸುರುವಿ ಆ ಡಬ್ಬಿಯಿಂದಲೇ ನಾನು ಮಿಂದದ್ದು.

ಸಂಜೆ ಹೋಟೆಲಿನ ಒಬ್ಬರು ನಮ್ಮನ್ನೆಲ್ಲ ಸುತ್ತಾಡಿಸಿದರು. ಈ ಅರಮನೆ ನಲವತ್ತು ವರ್ಷ ಪಾಳು ಬಿದ್ದಿತ್ತಂತೆ. ಗೋಡೆಯಲ್ಲಿ ಅರಳಿ ಗಿಡ, ಒಳಗೆಲ್ಲ ಬಾವಲಿ. ಆಮೇಲೆ ಒಂದೊಂದೇ ಕಲ್ಲು ಬಿಚ್ಚಿ, ಸುಣ್ಣದ ಗಾರೆಯಲ್ಲಿ ಮತ್ತೆ ಕೂರಿಸಿ, ಕೊಳೆತ ತೊಲೆಗಳನ್ನು ಮಾತ್ರ ಬದಲಾಯಿಸಿ ನಿಲ್ಲಿಸಿದರಂತೆ. ನನಗೆ ತಲೆಬುಡ ತಿಳಿಯಲಿಲ್ಲ.

“ಅಲ್ಲಾ, ಮುನ್ನೂರು ವರ್ಷದ್ದು ನಿಂತಿದೆ, ನಮ್ಮದು ಮೂವತ್ತಕ್ಕೇ ಬೀಳ್ತದಾ? ಯಾಕೆ?” ಎಂದು ಯಜಮಾನರನ್ನು ಕೇಳಿದೆ.

“ರಾಜ ತನಗೆ ಅಂತ ಕಟ್ಟಿದ್ದು ಇದು. ನಮ್ಮದನ್ನು ಕಟ್ಟಿದವ ಅದರಲ್ಲಿ ಒಂದು ದಿನವೂ ಮಲಗ್ಲಿಲ್ಲ,” ಎಂದರು.

ಊಟಕ್ಕೆ ಕುಳಿತಾಗ ಯಜಮಾನರ ಅವಸ್ಥೆ ನೋಡಬೇಕಿತ್ತು. ಬಡಿಸುವವರು ಹತ್ತಿರ ಬಂದರೆ ಸಾಕು, ಎದ್ದು ನಿಲ್ಲುತ್ತಿದ್ದರು. ಮೂರು ಸಲ ನಾನು ಅಂಗಿ ಹಿಡಿದು ಕೂರಿಸಿದೆ. ಬಡಿಸಿದವರ ವಯಸ್ಸು ಯಜಮಾನರದೇ. “ಏನು ಬೇಕು ಸಾಹೇಬರೇ?” ಎಂದು ಆತ ಕೇಳಿದಾಗ ಇವರು, “ನಿಮ್ಮದು ಊಟ ಆಯ್ತಾ?” ಎಂದು ಹಿಂದಿಯಲ್ಲಿ ಕೇಳಿಬಿಟ್ಟರು. ಆತ ಗಾಬರಿಯಾಗಿ ಮೇಲಿನವರ ಮುಖ ನೋಡಿದ. ನಂತರ ಇಬ್ಬರೂ ನಕ್ಕರು. ಏನೆಲ್ಲ ಬಡಿಸಿದರೋ ನೆನಪಿಲ್ಲ, ಆ ನಗು ನೆನಪಿದೆ.

ವಿಜಾಪುರದ ಬಾಯಿ ನನ್ನ ಪಕ್ಕಕ್ಕೇ ಕುಳಿತಿದ್ದರು. ಸುತ್ತ ನೋಡಿ ನನ್ನ ಕಿವಿಯಲ್ಲಿ, “ವೈನೀ, ಕುರಿ ಕೊಯ್ಯೂ ಮುಂಚೆ ಹಾರ ಹಾಕ್ತಾರ ನೋಡ್ರಿ, ಹಂಗಾಗೇತಿ ನಮ್ಮ ಕಥಿ. ನೀವು ಗಟ್ಟಿ ಇರ್ರಿ. ನೀವು ಹಾಕಿದ್ರ ನಾನೂ ಹಾಕಬೇಕಾಗ್ತದ,” ಎಂದರು.

“ಹಾಕುವುದಿಲ್ಲ,” ಎಂದೆ. ಹೇಳುವಾಗಲೇ ಬಾಯಲ್ಲಿ ಬಿಲ್ಡರನ ಜಾಮೂನು ಇತ್ತು. ಎದುರಿನ ಮೇಜಿನಲ್ಲಿ ಬಿಲ್ಡರ್ ತನ್ನ ತಾಯಿಯ ಜೊತೆ ಕುಳಿತಿದ್ದ. ಹಣೆಯಲ್ಲಿ ದೊಡ್ಡ ಬೊಟ್ಟು, ಸೆರಗು ತಲೆಯ ಮೇಲೆ. ಆಕೆ ತಟ್ಟೆಯಲ್ಲಿದ್ದುದನ್ನು ಸುಮ್ಮನೆ ಬೆರಳಲ್ಲಿ ಆಚೆ ಈಚೆ ಮಾಡುತ್ತಿದ್ದರು. ಮಗ ಬಗ್ಗಿ ಬಗ್ಗಿ ಏನೋ ಹೇಳುತ್ತಿದ್ದ. ಇಷ್ಟು ಪ್ರೀತಿಯಿಂದ ತಾಯಿಗೆ ತಿನ್ನಿಸುವವನು ನಮ್ಮನ್ನು ಬೀದಿಗೆ ಹಾಕುತ್ತಾನೆಯೇ ಎನ್ನಿಸಿತು. ವಿಜಾಪುರದ ಬಾಯಿಗೆ ಕೊಟ್ಟ ಮಾತು ಅಲ್ಲಿಗೇ ಸಡಿಲಾಯಿತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಮಿಂದು, ಒದ್ದೆ ಕೂದಲು ಗಂಟು ಕಟ್ಟಿ, ಶೇಡಿ, ಕುಂಕುಮ, ಒಂದು ಡಬ್ಬಿ ನೀರು ಹಿಡಿದು ಹೊರಗೆ ಬಂದೆ. ಯಜಮಾನರು ನಿದ್ದೆಯಲ್ಲಿದ್ದರು. ಬಾಗಿಲು ಮುಂದೆ ಮಾಡಿ, ಹೂ ಕೊಯ್ಯಲು ಅಂಗಳಕ್ಕೆ ಇಳಿದೆ. ತೋಟದ ಹೂ ಕೇಳದೆ ಕೊಯ್ದರೆ ದೇವರಿಗೆ ಸಲ್ಲುವುದಿಲ್ಲ ಎಂದು ತೋಟದವರನ್ನು ಹುಡುಕಿಕೊಂಡು ಅಂಗಳಕ್ಕೆ ಒಂದೂವರೆ ಸುತ್ತು ಹಾಕಿದೆ. ಕೊನೆಗೆ ಒಬ್ಬರು ಸಿಕ್ಕಿ, “ಬೇಕಾದಷ್ಟು ತಗೊಳ್ಳಿ ತಾಯಿ,” ಎಂದು ಮರಾಠಿಯಲ್ಲಿ ಹೇಳಿದರು. ದಾಸವಾಳ, ನಂದಿಬಟ್ಟಲು. ಸೆರಗು ತುಂಬ ಹೂ ಹಿಡಿದು ಮೆಟ್ಟಿಲು ಹತ್ತಿದೆ. ಎಡಕ್ಕೆ ಮೂರನೆಯ ಬಾಗಿಲು. ಹಿತ್ತಾಳೆಯ ಹಕ್ಕಿಗೆ ಉದ್ದ ಬಾಲ. ಕನ್ನಡಕ ಕೋಣೆಯೊಳಗೆ ಇತ್ತು.

ಕೂತು ಹೊಸ್ತಿಲು ತೊಳೆದೆ, ಸೆರಗಿನಿಂದ ಒರೆಸಿದೆ. ಆ ಹಳೆಯ ಕಲ್ಲಿನ ಮೇಲೆ ಶೇಡಿಯ ಗೆರೆ ಎಷ್ಟು ಚಂದ ಕೂತಿತೆಂದರೆ, ನಮ್ಮ ಮನೆಯ ಕಡಪ ಕಲ್ಲಿನ ಮೇಲೆ ಒಂದು ದಿನವೂ ಹಾಗೆ ಕೂತದ್ದಿಲ್ಲ. ಕುಂಕುಮ ಇಟ್ಟೆ, ಹೂ ಹಾಕಿದೆ. ಅಮ್ಮಾ, ಈ ಮನೆಯನ್ನು ನಿಲ್ಲಿಸು, ಹಿಡಿದ ಕೆಲಸ ಪೂರ್ತಿಯಾಗಲಿ, ಒಳಗಿರುವವರಿಗೆ ಅಪಾಯ ಬರದಿರಲಿ ಎಂದು ಹಣೆ ಹೊಸ್ತಿಲಿಗೆ ತಾಗಿಸಿದೆ.

ತಲೆ ಎತ್ತಿದರೆ ಬಾಗಿಲು ತೆರೆದಿತ್ತು. ಎದುರಿಗೆ ಬಿಲ್ಡರನ ತಾಯಿ.

ಆಕೆ ನನ್ನನ್ನು ನೋಡಿದರು, ಹೊಸ್ತಿಲನ್ನು ನೋಡಿದರು. ನನಗೆ ಮೊದಲು ಹೊಳೆದದ್ದು ಇವರು ನಮ್ಮ ಕೋಣೆಯಲ್ಲಿ ಏನು ಮಾಡುತ್ತಿದ್ದಾರೆ ಎಂದು. ಆಮೇಲೆ ಬಾಗಿಲ ಹಕ್ಕಿಯನ್ನು ಕಣ್ಣು ಕಿರಿದು ಮಾಡಿ ನೋಡಿದೆ. ನವಿಲಲ್ಲ, ಬೇರೆ ಏನೋ. ನಾನು ಇಳಿದದ್ದು ಒಂದು ಮೂಲೆಯ ಮೆಟ್ಟಿಲು, ಹತ್ತಿದ್ದು ಎದುರು ಮೂಲೆಯದು. ಹೇಳೋಣವೆಂದರೆ ಹಿಂದಿ ಬಾಯಿಗೆ ಬರಲಿಲ್ಲ.

ಆಕೆ ಹೊಸ್ತಿಲ ಒಳಗೇ ಕುಳಿತುಬಿಟ್ಟರು. ಕಣ್ಣಲ್ಲಿ ನೀರು. “ಮೂರು ವರ್ಷದಿಂದ ನಮ್ಮ ಬಾಗಿಲಿಗೆ ಬಂದವರೆಲ್ಲ ಶಾಪ ಹಾಕಿ ಹೋದವರೇ,” ಎಂದರು. “ಕೈಮುಗಿದವರು ನೀವೇ ಮೊದಲು.”

ನನಗೆ ಅರ್ಥವಾಗಲಿಲ್ಲ. ಆಕೆಯೇ ಹೇಳಿದರು. ಮಗ ಕಲ್ಯಾಣದಲ್ಲಿ ಒಂದು ಹಳೆಯ ಕಟ್ಟಡ ಕೆಡವಿ ಹೊಸದು ಎಬ್ಬಿಸಲು ಹೊರಟಿದ್ದ, ಐದನೆಯ ಮಾಳಿಗೆಗೆ ಕೆಲಸ ನಿಂತು ಮೂರು ವರ್ಷವಾಯಿತು. ಮನೆ ಬಿಟ್ಟು ಹೋದವರು ಭಾನುವಾರ ಭಾನುವಾರ ಇವರ ಮನೆಗೆ ಬಂದು ಕೂಗುತ್ತಾರೆ. ಆಕೆಯ ಯಜಮಾನರು ಆ ಕೂಗಿಗೆ ಹೆದರಿ ಕಿಟಕಿ ತೆರೆಯುವುದನ್ನೇ ಬಿಟ್ಟಿದ್ದಾರೆ. “ನಿಮ್ಮ ಕಟ್ಟಡದ ಕೆಲಸ ಶುರುವಾದರೆ ಅದರ ದುಡ್ಡಿನಿಂದ ಕಲ್ಯಾಣದ್ದೂ ಎದ್ದೀತು ಅನ್ನುತ್ತಾನೆ. ನನ್ನ ಮಗ ಕೆಟ್ಟವನಲ್ಲ ಬೆಹನ್. ಸಿಕ್ಕಿಹಾಕಿಕೊಂಡಿದ್ದಾನೆ. ನಾನು ಹೇಳಿದೆ ಎಂದು ಅವನಿಗೆ ಹೇಳಬೇಡಿ.” ನನ್ನ ಶೇಡಿ ಮೆತ್ತಿದ ಕೈಯನ್ನು ಆಕೆ ತನ್ನ ಎರಡೂ ಕೈಯಲ್ಲಿ ಹಿಡಿದಿದ್ದರು. ನಾನು ತಲೆಯಾಡಿಸಿದೆ. ಆಡಿಸಿದ್ದು ಹೌದು.

ಬಾಗಿಲು ತಪ್ಪಿ ಬಂದೆ ಎಂದು ಆಕೆಗೆ ಹೇಳಲೇ ಇಲ್ಲ. ಹೇಗೆ ಹೇಳುವುದು? ಹಿಂದೆ ಬಂದು ನಮ್ಮ ನವಿಲಿನ ಬಾಗಿಲಲ್ಲಿ ನಿಂತರೆ ಡಬ್ಬಿಯಲ್ಲಿ ಶೇಡಿ ಮುಗಿದಿತ್ತು. ಅಕ್ಕ ಹೇಳಿದ ಪ್ರಕಾರ ಇದು ನನ್ನ ಹೊಸ್ತಿಲು, ಅದು ಅಲ್ಲ. ಹಾಗಾದರೆ ಆ ದಿನದ ಪೂಜೆ ಆಯಿತೋ, ತಪ್ಪಿತೋ? ಈ ಮನೆಯನ್ನು ನಿಲ್ಲಿಸು ಎಂದು ಬೇಡಿದೆನಲ್ಲ, ಲಕ್ಷ್ಮಿ ಯಾವ ಮನೆ ಎಂದು ತಿಳಿದುಕೊಂಡಳು? ಕುಂಕುಮದ ಒಂದು ಬೊಟ್ಟು ಮಾತ್ರ ಇಟ್ಟು ಒಳಗೆ ಬಂದೆ.

ಮೊಬೈಲಿನಲ್ಲಿ ಠಾಣೆಯಲ್ಲಿರುವ ಮಗಳ ಮೆಸೇಜು: ‘ಆಯೀ, ಪ್ಯಾಲೇಸ್ ಕಾ ಫೋಟೋ ಭೇಜ್ ನಾ.’ ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಹೀಗೆಯೇ ಉತ್ತರ ಕೊಡುವುದು. ಅರಮನೆಯ ಫೋಟೋ ತೆಗೆದು ಕಳಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ತಿಂಡಿಗೆ ಹೋದಾಗ ಸುದ್ದಿ ನನಗಿಂತ ಮೊದಲೇ ಅಲ್ಲಿ ಮುಟ್ಟಿತ್ತು. ನಾನು ಹಣೆ ಹಚ್ಚಿದ್ದನ್ನು ಆಚೆ ಸಾಲಿನಿಂದ ಯಾರೋ ನೋಡಿದ್ದರು. ವಿಜಾಪುರದ ಬಾಯಿ ನನ್ನನ್ನು ಕಂಡು ಕುರ್ಚಿ ತಿರುಗಿಸಿ ಕುಳಿತರು. ಪಕ್ಕಕ್ಕೆ ಹೋದೆ.

“ಬರ್ರಿ ಬರ್ರಿ, ಪೂಜಾರಿ ಬಾಯೇರು ಬಂದ್ರು,” ಎಂದರು. “ಏನ್ ವೈನೀ, ದೇವ್ರ ಬದಲಿ ಮಾಡಿದ್ರೇನು? ರಾತ್ರಿ ಹಾಕೂದಿಲ್ಲ ಅಂದ್ರಿ, ಮುಂಜಾನೆದ್ದು ಬಿಲ್ಡರನ ಬಾಗಲಿಗಿ ಅಡ್ಡಬಿದ್ರಿ!”

“ಅಯ್ಯೋ, ಬಾಗಿಲು ತಪ್ಪಿತು ಮಾರಾಯ್ರೆ! ನಮ್ಮ ಕೋಣೆ ಅಂತ ತಿಳ್ಕೊಂಡೆ!”

“ಹೂಂ ತಪ್ಪತೈತಿ. ನಂದೂ ಒಂದೊಂದ್ಸಲ ತಪ್ಪತೈತಿ. ಖರೆ ಅಂದ್ರ, ನನ್ನ ಕಾಲು ಯಾವತ್ತೂ ಶ್ರೀಮಂತರ ಬಾಗಲಿಗಿ ಮಾತ್ರ ಹೋಗಂಗಿಲ್ಲ ನೋಡ್ರಿ, ಅದು ಹೆಂಗೋ ಏನೋ.”

ನನಗೆ ಅಳುವೇ ಬಂತು. ಯಜಮಾನರನ್ನು ಪಕ್ಕಕ್ಕೆ ಕರೆದು ನಡೆದದ್ದೆಲ್ಲ ಹೇಳಿದೆ.

“ಕಲ್ಯಾಣದ್ದು ನಿಂತಿದೆ ಅಂತ ಉಳಿದವರಿಗೆ ಗೊತ್ತಿಲ್ಲ. ನಾನು ಎಂತ ಮಾಡ್ಲಿ? ಹೇಳುವುದಿಲ್ಲ ಅಂತ ತಲೆಯಾಡಿಸಿದ್ದೇನೆ,” ಎಂದೆ.

“ತಲೆಯಾಡಿಸಿದ್ದು ಅವರ ಕಣ್ಣೀರಿಗೆ. ಆದರೂ ಮಾತು ಮಾತೇ.” ಕೈಯಲ್ಲಿದ್ದ ಕಾಫಿ ಕೆಳಗಿಟ್ಟು, “ಮನೆ ನಿನ್ನ ಹೆಸರಲ್ಲುಂಟು. ನೀನೇ ಹೇಳ್ಬೇಕು,” ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಸಿಟ್ಟು ಮಾಡಿದರೂ ಪರವಾಗಿಲ್ಲ, ಒಂದು ದಾರಿ ಹೇಳಲಿ ಎಂದು ನಾನು ಬಯಸಿದ್ದು ಆ ಒಂದು ಬೆಳಿಗ್ಗೆ.

ಹನ್ನೊಂದು ಗಂಟೆಗೆ ದರ್ಬಾರ್ ಹಾಲಿನಲ್ಲಿ ಎಲ್ಲರೂ ಕೂಡಿದೆವು. ರಾಜ ಕೂರುತ್ತಿದ್ದ ಜಾಗದಲ್ಲಿ ಬಿಳಿ ಪರದೆ. ಅದರ ಮೇಲೆ ನಮ್ಮ ಹೊಸ ಕಟ್ಟಡದ ಚಿತ್ರ: ಹುಲ್ಲುಹಾಸು, ಕಾರಂಜಿ, ನಾಯಿ ಹಿಡಿದು ನಡೆಯುವ ಬಿಳಿ ಚರ್ಮದ ಜನ. ನಮ್ಮ ಹದಿನಾರು ಮನೆಯಲ್ಲಿ ಅಂಥವರು ಒಬ್ಬರೂ ಇಲ್ಲ. ನಮ್ಮನ್ನು ಎಲ್ಲಿ ಹಾಕುತ್ತಾರೋ ಎಂದು ಗಾಬರಿಯಾಯಿತು. ಬಿಲ್ಡರ್ ನೇರ ನನ್ನ ಬಳಿಗೇ ಬಂದ. ಕೈಯಲ್ಲಿ ಕಾಗದ, ಪೆನ್ನು. ಮುಖ ನಿಜವಾಗಿಯೂ ಕರಗಿತ್ತು.

“ಆಂಟೀ, ಬೆಳಿಗ್ಗೆ ನೀವು ಮಾಡಿದ್ದನ್ನು ತಾಯಿ ತೋರಿಸಿದರು. ಆ ಹೂವನ್ನು ತೆಗೆಯಬಾರದು ಎಂದು ಹೋಟೆಲಿನವರಿಗೆ ಹೇಳಿದ್ದೇನೆ. ನಿಮ್ಮ ಹೊಸ ಮನೆಗೆ ನಾನು ಅಮೃತಶಿಲೆಯ ಹೊಸ್ತಿಲನ್ನೇ ಹಾಕಿಸುತ್ತೇನೆ. ಇದು ನನ್ನ ಮಾತು,” ಎಂದು ಹಿಂದಿಯಲ್ಲಿ ಹೇಳಿ ಪೆನ್ನು ಚಾಚಿದ.

ಹದಿನಾಲ್ಕು ಮನೆಯವರು ಚಪ್ಪಾಳೆ ತಟ್ಟಿದರು. ವಿಜಾಪುರದ ಬಾಯಿ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಆತನ ತಾಯಿ ಚಹಾದ ಕಪ್ಪು ಹಿಡಿದು ನನ್ನನ್ನೇ ನೋಡಿ ಸಣ್ಣಗೆ ನಗುತ್ತಿದ್ದರು. ಪೆನ್ನು ಕೈಗೆ ತೆಗೆದುಕೊಂಡೆ. ಹಾಕಿಬಿಡುತ್ತಿದ್ದೆನೋ ಏನೋ. ಅಷ್ಟು ಜನರ ಮುಂದೆ ಬೇಡ ಎಂದು ಹೇಳಿ ಅಭ್ಯಾಸವಿಲ್ಲ ನನಗೆ. ಆದರೆ ಕಾಗದದ ಮೇಲೆ ನನ್ನ ಹೆಸರು ಟೈಪ್ ಮಾಡಿದ್ದನ್ನು ಕಂಡಾಗ, ಕಲ್ಯಾಣದಲ್ಲಿ ಹೀಗೆಯೇ ಹೆಸರು ಟೈಪ್ ಆದ ಒಬ್ಬ ಹೆಂಗಸು ಈಗ ಎಲ್ಲಿದ್ದಾಳೋ ಎಂಬ ಯೋಚನೆ ಬಂತು. ಅವಳು ಯಾರ ಹೊಸ್ತಿಲು ತೊಳೆಯುತ್ತಿದ್ದಾಳೋ.

“ಭೈಯಾ,” ಎಂದೆ. ನನ್ನ ದನಿ ಆ ದೊಡ್ಡ ಹಾಲಿನಲ್ಲಿ ನನಗೇ ಬೇರೆ ಯಾರದೋ ಹಾಗೆ ಕೇಳಿಸಿತು. “ಕಲ್ಯಾಣದಲ್ಲಿ ನಿಮ್ಮ ಕಟ್ಟಡ ಈಗ ಎಷ್ಟನೆಯ ಮಾಳಿಗೆಗೆ ಬಂದಿದೆ?”

ಆತ ಮೊದಲು ನನ್ನನ್ನು ನೋಡಿದ. ಆಮೇಲೆ ತಿರುಗಿ ತನ್ನ ತಾಯಿಯನ್ನು ನೋಡಿದ. ಆಕೆ ಕಪ್ಪಿನೊಳಗೆ ನೋಡುತ್ತಿದ್ದರು. ಅಲ್ಲಿ ಕುಳಿತಿದ್ದವರಿಗೆ ಉತ್ತರ ಸಿಕ್ಕಿದ್ದು ಹಾಗೆ.

“ಕಲ್ಯಾಣದಾಗ ಯಾವ ಬಿಲ್ಡಿಂಗ್ರೀ?” ಎಂದು ವಿಜಾಪುರದ ಬಾಯಿ ಎದ್ದು ನಿಂತರು. ಆಮೇಲೆ ಎಲ್ಲರೂ ಎದ್ದು ನಿಂತರು. ಮರಾಠಿ, ಹಿಂದಿ, ಕನ್ನಡ, ಎಲ್ಲ ಒಟ್ಟಿಗೆ. ನಾನು ಪೆನ್ನನ್ನು ಮೇಜಿನ ಮೇಲಿಟ್ಟು ಕುಳಿತೆ.

ಎರಡನೆಯ ರಾತ್ರಿ ಆಗಲಿಲ್ಲ. ಮಧ್ಯಾಹ್ನ ನಾನು ಊಟಕ್ಕೆ ಹೋಗಲಿಲ್ಲ, ಉಳಿದವರದು ಮುಗಿದದ್ದೇ ಬಸ್ಸು ಸಿದ್ಧವಾಯಿತು. ಯಜಮಾನರು ಕೋಣೆಯ ಬಾಗಿಲು ಹಾಕುವ ಮುಂಚೆ ಟವಲಿನ ಹಂಸವನ್ನು ಎತ್ತಿ ಮತ್ತೆ ಮಂಚದ ಮೇಲೆ ಇದ್ದ ಹಾಗೆಯೇ ಇಟ್ಟರು. “ನಿಮ್ಮದೊಂದು ರಾತ್ರಿ ನನ್ನಿಂದ ಹೋಯ್ತು,” ಎಂದೆ. “ಒಂದು ಸಿಕ್ಕಿತಲ್ಲ,” ಎಂದರು. ಈ ಮನುಷ್ಯನನ್ನು ನನಗೆ ಕೊಟ್ಟದ್ದಕ್ಕೆ ದೇವರಿಗೆ ಬೇರೆ ಲೆಕ್ಕದಲ್ಲೇ ನಮಸ್ಕಾರ ಹಾಕಬೇಕು.

ಮನೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಸಹಿ ಹಾಕಿದ್ದವರೂ ತಮ್ಮದನ್ನು ಹಿಂದೆ ತೆಗೆದುಕೊಂಡರು. ಆ ಮಳೆಗಾಲ ಕಳೆದ ಮೇಲೆ ನಮ್ಮ ಕಟ್ಟಡದ ಸೊಸೈಟಿಯವರು ಒಬ್ಬ ಇಂಜಿನಿಯರನ್ನು ಕರೆಸಿ, ಎಲ್ಲರೂ ಕೈಲಾದಷ್ಟು ಹಾಕಿ, ಕಂಬಗಳಿಗೆ ಕಬ್ಬಿಣದ ಕವಚ ಕಟ್ಟಿ ಹೊಸ ಕಾಂಕ್ರೀಟು ತುಂಬಿಸಿದರು. ನೋಡಲು ಕಾಲು ಮುರಿದು ಪಟ್ಟಿ ಕಟ್ಟಿದ ಹಾಗಿದೆ. ನಾವು ಅಲ್ಲೇ ಇದ್ದೇವೆ. ನಾನು ಅದೇ ಹೊಸ್ತಿಲು ಬರೆಯುತ್ತೇನೆ. ವಿಜಾಪುರದ ಬಾಯಿ ಸಂಕ್ರಾಂತಿಗೆ ಎಳ್ಳು ಬೆಲ್ಲ ತಂದು, “ವೈನೀ, ನಿಮ್ಮ ಕಾಲು ತಪ್ಪಿದ್ದಕ್ಕ ಹದಿನಾರು ಮನಿ ಉಳದ್ವು ನೋಡ್ರಿ,” ಎಂದರು. ಆದರೆ ಮಳೆಗಾಲದಲ್ಲಿ ನಾಲ್ಕನೆಯ ಮಾಳಿಗೆಯವರು ತಮ್ಮ ಮನೆ ಸೋರುವಾಗ ನನ್ನ ಬಾಗಿಲು ದಾಟುತ್ತ, ಸಾಕಷ್ಟು ಜೋರಾಗಿ, “ಇಷ್ಟೊತ್ತಿಗೆ ಲಿಫ್ಟಿನ ಮನೆ ಸಿಕ್ಕಿರುತ್ತಿತ್ತು,” ಎನ್ನುತ್ತಾರೆ.

ಅವರದನ್ನು ಸುಳ್ಳು ಎನ್ನಲೂ ನನಗೆ ಬಾಯಿಲ್ಲ. ಯಾಕೆಂದರೆ ಆ ಬಿಲ್ಡರನ ಕಲ್ಯಾಣದ ಕಟ್ಟಡ ಎರಡು ವರ್ಷದ ನಂತರ ಮತ್ತೆ ಎದ್ದಿತು. ಕಲ್ಯಾಣ ಸ್ಟೇಷನ್ನು ಬರುವ ಮೊದಲು ರೈಲಿನಿಂದ ಕಾಣುತ್ತದೆ. ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಹಿಡಿದ ಕೆಲಸ ಪೂರ್ತಿಯಾಗಲಿ ಎಂದು ಆ ಬಾಗಿಲಲ್ಲಿ ಬೇಡಿದವಳು ನಾನೇ ಅಲ್ಲವೇ? ನನ್ನ ಪ್ರಾರ್ಥನೆ ಫಲಿಸಿದ್ದಕ್ಕೆ ಸಂತೋಷಪಡಲೇ, ಅವನನ್ನು ನಂಬದಿದ್ದುದಕ್ಕೆ ಪಶ್ಚಾತ್ತಾಪಪಡಲೇ? ಪ್ರತಿ ಸಲವೂ ರೈಲು ಮುಂದೆ ಹೋಗಿಬಿಡುತ್ತದೆ.

ಈ ಮನೆಯ ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆ ದಿನ ಹಿಂದಿರುಗಿದ ಬಸ್ಸು. ಬಿಲ್ಡರ್ ತನ್ನ ಕಾರಿನಲ್ಲಿ ಮೊದಲೇ ಹೊರಟುಹೋಗಿದ್ದ. ತಾಯಿಯನ್ನು ಜೊತೆಗೆ ಕರೆದೊಯ್ದಿರಲಿಲ್ಲ. ಆಕೆ ಬಸ್ಸಿನ ಮುಂದಿನ ಸೀಟಿನಲ್ಲಿ ಒಬ್ಬರೇ ಕುಳಿತಿದ್ದರು. ಪಕ್ಕದ ಜಾಗದಲ್ಲಿ ತನ್ನ ಬಟ್ಟೆಯ ಚೀಲ ಇಟ್ಟುಕೊಂಡಿದ್ದರು. ಯಾರೂ ಅವರ ಹತ್ತಿರ ಹೋಗಲಿಲ್ಲ. ಘಟ್ಟ ಇಳಿಯುವ ತನಕ ನಾನು ಹಿಂದೆ ಕುಳಿತು ಆ ಸೆರಗು ಹೊದ್ದ ತಲೆಯನ್ನೇ ನೋಡುತ್ತಿದ್ದೆ. ನಾನು ಹೇಳಲಿಲ್ಲ, ಬರೇ ಕೇಳಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ದೇವರ ಮುಂದೆ ಈ ಮಾತು ನಿಲ್ಲುತ್ತದೆಯೇ ಎಂದು ಯೋಚಿಸಿದೆ. ನಿಲ್ಲಲಿಲ್ಲ.

ಎದ್ದು ಸೀಟು ಹಿಡಿದುಕೊಂಡು ಮುಂದೆ ಹೋದೆ. ಅವರ ಪಕ್ಕದಲ್ಲಿ ನಿಂತೆ. ಬಸ್ಸು ಎರಡು ಸಲ ಜೋಲಿ ಹೊಡೆಯಿತು. ಆಕೆ ನನ್ನ ಕಡೆ ನೋಡದೆ ಚೀಲ ತೆಗೆದು ಕಾಲ ಬಳಿ ಇಟ್ಟರು. ಕುಳಿತೆ. “ನಾನು ಬಾಗಿಲು ತಪ್ಪಿ ಬಂದದ್ದು ತಾಯಿ,” ಎಂದು ನನ್ನ ಅರೆಬರೆ ಹಿಂದಿಯಲ್ಲಿ ಹೇಳಿದೆ. “ನಮ್ಮ ಕೋಣೆ ಎಂದು ತಿಳಿದಿದ್ದೆ.”

ಆಕೆ ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. ಕೇಳಿಸಿತೋ ಇಲ್ಲವೋ. ಪನವೇಲ್ ದಾಟಿದ ಮೇಲೆ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು, ಮೆಂತ್ಯ ಸೊಪ್ಪಿನ ರೊಟ್ಟಿ ಎರಡು ಭಾಗ ಮಾಡಿ, ಒಂದನ್ನು ನನ್ನ ಮಡಿಲಲ್ಲಿ ಇಟ್ಟರು. “ತಿನ್ನಿ. ಬೆಳಿಗ್ಗೆಯಿಂದ ನೀವೂ ಏನೂ ತಿಂದಿಲ್ಲ,” ಎಂದರು. ಮುಂಬ್ರಾದ ಗುಡ್ಡ ಕಾಣುವ ತನಕ ನಾವಿಬ್ಬರೂ ತಿನ್ನುತ್ತ ಕುಳಿತೆವು. ಅದು ಕ್ಷಮೆಯೋ, ಪಕ್ಕದಲ್ಲಿ ಕುಳಿತವರಿಗೆ ಕೊಡದೆ ತಾನು ತಿನ್ನಲಾರದ ಹೆಂಗಸಿನ ಅಭ್ಯಾಸವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಬಹುದಿತ್ತು. ಆದರೆ ಆ ದಿನ ಒಂದು ಪ್ರಶ್ನೆ ಕೇಳಿ ಆಗಿತ್ತು.